ಸೊನ್ನಪ್ಪನ ಲೋಟ

ಒಂದು ವಿಷಯ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನಗೆ ವಯಸ್ಸು ಐವತ್ತಕ್ಕೆ ಒಂದು ಕಮ್ಮಿ. ಕಸುಬು ಊರಿನವರ ಹಲ್ಲು ಕೀಳುವುದು. ನನ್ನೆದುರು ಕೂತವರು ಒಮ್ಮೆ ಬಾಯಿ ತೆರೆದರೆ ನಾನು ಹೇಳುವ ತನಕ ಮುಚ್ಚುವಂತಿಲ್ಲ. ಇಷ್ಟೆಲ್ಲ ಗಾಂಭೀರ್ಯ ಇಟ್ಟುಕೊಂಡ ನಾನು ದಿನಾ ಬೆಳಿಗ್ಗೆ ಎಂಟೂವರೆಗೆ ಫೋನು ಹಿಡಿದು ಒಂದು ಗುಂಡು ಬೊಂಬೆಯನ್ನು "ಬಂದ್ಯೇನಪ್ಪಾ ಮಹರಾಯ?" ಎಂದು ಮಾತಾಡಿಸುತ್ತೇನೆ. ಮನಸ್ಸಿನಲ್ಲಲ್ಲ, ಜೋರಾಗಿಯೇ. ನಮ್ಮ ಯಜಮಾನರು ರಘು ಪೇಪರಿನಿಂದ ತಲೆಯೆತ್ತದೆ "ನಿನ್ನ ಅಳಿಯ ಬಂದನಾ?" ಎನ್ನುತ್ತಾರೆ. ನಮಗೆ ಮಗಳಿಲ್ಲ. ಆದರೂ ಆ ಮಾತಿಗೆ ನಾನು ಒಂದು ದಿನವೂ ಬೇಸರಪಟ್ಟುಕೊಂಡದ್ದಿಲ್ಲ.

ಆ ಬೊಂಬೆಯ ಹೆಸರು ಸೊನ್ನಪ್ಪ. ನೋಡಲು ದೊಡ್ಡದೊಂದು ಸೊನ್ನೆ. ಆ ಸೊನ್ನೆಗೆ ಎರಡು ಕಣ್ಣು, ಎರಡು ಕೈ, ಎರಡು ಕಾಲು. ಕತ್ತು ಇಲ್ಲ. ಒಂದು ಕಾಲಿಗೆ ಹವಾಯಿ ಚಪ್ಪಲಿ ಇದೆ, ಇನ್ನೊಂದಕ್ಕಿಲ್ಲ. ಯಾಕೆಂದು ಈವರೆಗೆ ಯಾರಿಗೂ ಗೊತ್ತಿಲ್ಲ. ಬಲಗೈಯಲ್ಲಿ ಸ್ಟೀಲಿನ ಲೋಟವನ್ನು ತಲೆಕೆಳಗಾಗಿ ಹಿಡಿದಿರುತ್ತಾನೆ. ಮುಖದಲ್ಲಿ ಒಂದು ನಗು ಇದೆ. ಮದುವೆ ಮನೆಗೆ ಕೊನೆಯ ಪಂಕ್ತಿಯೂ ಎದ್ದ ಮೇಲೆ ಬಂದವರು ನಗುತ್ತಾರಲ್ಲ, ಅಂಥದ್ದು. ಊಟ ಸಿಗಲಿಲ್ಲ, ಆದರೂ ಬಂದೆನಲ್ಲ ಎನ್ನುವ ನಗು.

ಸೊನ್ನಪ್ಪ ನಮ್ಮ ಗುಂಪಿನ ಲಾಂಛನ. ಗುಂಪಿನ ಹೆಸರು ಹನಿ ಲೆಕ್ಕ. ಇದು ಇರುವುದು ಫೋನಿನೊಳಗೆ. ಇದಕ್ಕೆ ಕಟ್ಟಡವಿಲ್ಲ, ಬೋರ್ಡಿಲ್ಲ, ಅಧ್ಯಕ್ಷರಿಗೆ ಶಾಲು ಹೊದಿಸುವ ಕಾರ್ಯಕ್ರಮವಿಲ್ಲ. ಮೈಸೂರಿನ ಬೇರೆ ಬೇರೆ ಮೂಲೆಯ ಇಪ್ಪತ್ತಾರು ಜನ ತಮ್ಮ ತಮ್ಮ ತಾರಸಿಯ ಮೇಲೆ ಮಳೆ ಅಳೆಯುವ ಬಾಟಲಿ ಇಟ್ಟುಕೊಂಡಿದ್ದೇವೆ. ದಿನಾ ಬೆಳಿಗ್ಗೆ ಎಂಟೂವರೆಗೆ ತಾರಸಿ ಹತ್ತಿ, ಹಿಂದಿನ ಇಪ್ಪತ್ತನಾಲ್ಕು ಗಂಟೆಯಲ್ಲಿ ಎಷ್ಟು ಮಿಲಿಮೀಟರ್ ಬಿತ್ತೆಂದು ನೋಡಿ, ಗುಂಪಿಗೆ ಹಾಕುತ್ತೇವೆ. ಅಷ್ಟೇ ಕೆಲಸ.

"ಅದನ್ನ ಸರ್ಕಾರದವರು ಅಳೆಯಲ್ವಾ?" ಎಂದು ಕೇಳುವವರಿದ್ದಾರೆ. ಅಳೆಯುತ್ತಾರೆ, ನಮಗಿಂತ ಚೆನ್ನಾಗಿಯೇ ಅಳೆಯುತ್ತಾರೆ. ಆದರೆ ನಮ್ಮೂರಿನ ಮಳೆಯ ಸ್ವಭಾವ ನಿಮಗೆ ಗೊತ್ತಲ್ಲ. ಎಮ್ಮೆಯ ಒಂದು ಕೊಂಬು ನೆನೆಯುತ್ತದೆ, ಇನ್ನೊಂದು ಒಣಗಿರುತ್ತದೆ. ಅಶೋಕಪುರಂನಲ್ಲಿ ನಮ್ಮ ಮನೆಯ ಮುಂದೆ ಚರಂಡಿ ಉಕ್ಕುತ್ತಿರುವಾಗ ರಾಜೀವನಗರದಿಂದ "ಇಲ್ಲಿ ಬಿಸಿಲು, ಬಟ್ಟೆ ಒಣಗಿದೆ" ಎಂದು ಸುದ್ದಿ ಬರುತ್ತದೆ. ವಿಮಾನ ನಿಲ್ದಾಣವಿರುವ ಮಂಡಕಳ್ಳಿಯಲ್ಲಿ ನಮ್ಮ ಗುಂಪಿನ ಮೇಷ್ಟ್ರೊಬ್ಬರಿದ್ದಾರೆ. ಅವರ ಮನೆಯ ಮೇಲೆ ಬಿದ್ದ ಮಳೆ ಅವರ ತೋಟದ ಬೇಲಿ ದಾಟಲಿಲ್ಲವೆಂದು ಒಮ್ಮೆ ಫೋಟೋ ಸಮೇತ ಸಾಬೀತು ಮಾಡಿದ್ದರು. ಇಂಥ ಮಳೆಯನ್ನು ಒಂದೇ ಕಡೆ ಅಳೆದರೆ ಸಿಗುವುದು ಒಂದೇ ಕೊಂಬು.

ಈ ಹುಚ್ಚು ಹಚ್ಚಿದವರು ಮಹದೇವಸ್ವಾಮಿಯವರು. ನಲ್ಲಿ, ಪೈಪು, ಮೊಳೆ ಮಾರುವ ಅಂಗಡಿ ಅವರದು. ಹಣೆ ತುಂಬ ವಿಭೂತಿ, ಕಿವಿಯ ಮೇಲೆ ಪೆನ್ಸಿಲ್. ತಾತನ ಕಾಲದಲ್ಲಿ ಅವರ ಮನೆಯವರು ಮಠದ ಉಗ್ರಾಣ ನೋಡಿಕೊಳ್ಳುತ್ತಿದ್ದರಂತೆ. ಆ ಶಿಸ್ತು ಇನ್ನೂ ಮೈಯಲ್ಲಿದೆ. ಬಾಟಲಿ ಕತ್ತರಿಸಿ, ಅದರ ಮೂತಿಯನ್ನೇ ಆಲಿಕೆಯಂತೆ ತಿರುಗಿಸಿ ಕೂರಿಸಿ, ಪಕ್ಕಕ್ಕೆ ಅಳತೆಪಟ್ಟಿ ಅಂಟಿಸಿ, ನಮಗೆಲ್ಲ ಒಂದೊಂದು ಮಾಡಿಕೊಟ್ಟವರು ಅವರೇ. ತಿಂಗಳ ಕೊನೆಗೆ ಎಲ್ಲರ ಅಳತೆಯನ್ನೂ ಒಂದು ಪಟ್ಟಿಯಲ್ಲಿ ಜೋಡಿಸಿ ಗುಂಪಿಗೆ ಹಾಕುತ್ತಾರೆ. ಆ ಪಟ್ಟಿ ನೋಡುವಾಗ ನನಗೆ ಎಸ್‌ಎಸ್‌ಎಲ್‌ಸಿ ರಿಸಲ್ಟು ನೋಡಿದಷ್ಟೇ ಎದೆ ಹೊಡೆದುಕೊಳ್ಳುತ್ತದೆ.

ಮೊದಲ ವರ್ಷ ಮಳೆಗಾಲದಲ್ಲಿ ನಮ್ಮ ಉತ್ಸಾಹ ನೋಡಬೇಕಿತ್ತು! "ನಮ್ಮಲ್ಲಿ ಹದಿನೆಂಟು!" "ಅಯ್ಯೋ, ನಮ್ಮಲ್ಲಿ ಇಪ್ಪತ್ತಮೂರು ಕಣ್ರೀ!" ಎಂದು, ಮಳೆಯನ್ನು ನಾವೇ ಕುಕ್ಕರಿನಲ್ಲಿ ಇಟ್ಟು ಬೇಯಿಸಿ ಬಡಿಸಿದವರಂತೆ ಬೀಗುತ್ತಿದ್ದೆವು. ಆಮೇಲೆ ಚಳಿಗಾಲ ಬಂತು. ಮಳೆ ನಿಂತಿತು. ಹದಿನೈದು ದಿನ ಎಲ್ಲರೂ ಸೊನ್ನೆ ಸೊನ್ನೆ ಎಂದು ಹಾಕಿದೆವು. ಆಮೇಲೆ ಒಬ್ಬೊಬ್ಬರಾಗಿ ಸುಮ್ಮನಾದೆವು. ಜನವರಿಯ ಒಂದು ಬೆಳಿಗ್ಗೆ ಮಹದೇವಸ್ವಾಮಿಯವರ ಧ್ವನಿ ಸಂದೇಶ ಗುಂಪಿಗೆ ಬಂತು.

"ಏನ್ರೀ, ಎಲ್ಲಾ ಊರು ಬುಟ್ಟು ಹೋದ್ರಾ? ಮಳೆ ಬಂದಿಲ್ಲ, ಏನ್ ಹಾಕೋದು ಅಂತೀರಾ? ಬಂದಿಲ್ಲ ಅಂತ್ಲೇ ಹಾಕಿ. ನೀವು ಸುಮ್ನಿದ್ಬುಟ್ರೆ ಮಳೆ ಬರ್ಲಿಲ್ವೋ, ನೀವು ನೋಡ್ಲಿಲ್ವೋ, ಬಾಟ್ಲೀನ ಕಾಗೆ ಕೆಡವ್ತೋ, ನಂಗೆಂಗ್ರೀ ಗೊತ್ತಾಗ್ಬೇಕು? ಸೊನ್ನೆ ಬೇರೆ, ಗೀಟು ಬೇರೆ."

ಅವರ ಪಟ್ಟಿಯಲ್ಲಿ ಎರಡು ಗುರುತುಗಳಿವೆ. ಹೋಗಿ ನೋಡಿದಿರಿ, ನೀರಿರಲಿಲ್ಲ, ಅದು ಸೊನ್ನೆ. ನೋಡಲೇ ಇಲ್ಲ; ಅದು ಗೀಟು. ನನಗೆ ಆ ಕ್ಷಣಕ್ಕೇ ಅರ್ಥವಾಯಿತು, ಏಕೆಂದರೆ ನಮ್ಮ ಹಲ್ಲಿನ ಕಸುಬಿನಲ್ಲೂ ಹೀಗೆಯೇ. ಹೊಸ ರೋಗಿ ಬಂದರೆ ಮೂವತ್ತೆರಡು ಹಲ್ಲಿನ ನಕ್ಷೆ ತುಂಬುತ್ತೇವೆ. ಇಲ್ಲದ ಹಲ್ಲಿಗೂ ಅದರಲ್ಲಿ ಒಂದು ಗುರುತಿದೆ. ಜಾಗ ಖಾಲಿ ಬಿಟ್ಟರೆ ಹಲ್ಲು ಇಲ್ಲ ಎಂದಲ್ಲ, ಡಾಕ್ಟರು ನೋಡಿಲ್ಲ ಎಂದರ್ಥ. ಹಾಗಾಗಿ ಗುಂಪಿನಲ್ಲಿ ಸ್ವಾಮಿಯವರ ಪರವಾಗಿ ನಾನು ದೊಡ್ಡದೊಂದು ಭಾಷಣವನ್ನೇ ಬರೆದು ಹಾಕಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಮರುದಿನ ಮೂರೇ ಜನ ಸೊನ್ನೆ ಹಾಕಿದರು.

ಸೊನ್ನೆ ಹಾಕಲು ಜನಕ್ಕೆ ನಾಚಿಕೆ. ನಮ್ಮ ದೇಶದ ವಿಚಿತ್ರ ನೋಡಿ! ಸೊನ್ನೆಯನ್ನು ಲೋಕಕ್ಕೆ ಕೊಟ್ಟವರು ನಾವೇ ಎಂದು ಸಿಕ್ಕವರ ಮುಂದೆಲ್ಲ ಎದೆ ತಟ್ಟಿಕೊಳ್ಳುತ್ತೇವೆ. ಅದೇ ಸೊನ್ನೆಯನ್ನು ಮಗ ಶಾಲೆಯಿಂದ ಮನೆಗೆ ತಂದರೆ ಬೆನ್ನಿಗೆ ಎರಡು ಬಿಡುತ್ತೇವೆ. ನಮ್ಮ ರಘು ಕಾಲೇಜಿನಲ್ಲಿ ಗಣಿತ ಹೇಳುತ್ತಾರೆ. ಸೊನ್ನೆಯಿಂದ ಭಾಗಿಸಬಾರದು ಎಂಬ ಒಂದು ಮಾತನ್ನು ಹುಡುಗರ ತಲೆಗೆ ಹಾಕುವುದರಲ್ಲೇ ಇಪ್ಪತ್ತು ವರ್ಷ ಕಳೆಯಿತೆಂದು ಗೊಣಗುತ್ತಿರುತ್ತಾರೆ. ಮಹದೇವಸ್ವಾಮಿಯವರ ದಾರಿಯೇ ಬೇರೆ. "ಶೂನ್ಯ ಅಂದ್ರೆ ಖಾಲಿ ಅಲ್ಲ ಡಾಕ್ಟ್ರೇ. ಅದು ತುಂಬಿರೋದು. ಅದಕ್ಕೇ ನಮ್ಮ ಹಿರೀಕ್ರು ಶೂನ್ಯಕ್ಕೇ ಪೀಠ ಹಾಕಿ ಕೂರ್ಸವ್ರೆ" ಎನ್ನುತ್ತಾರೆ. ಪೀಠದ ಮೇಲಿರುವ ಶೂನ್ಯಕ್ಕೆ ಎಲ್ಲರೂ ಕೈ ಮುಗಿಯುತ್ತಾರೆ, ನಿಜ. ಅಂಗೈಯ ಫೋನಿನಲ್ಲಿ ದಿನಾ ಒತ್ತಬೇಕಾದ ಶೂನ್ಯವನ್ನು ಕಂಡರೆ ಮಾತ್ರ ಯಾರಿಗೂ ಆಗದು.

ಆಗ ನಸೀಮಾ ಸೊನ್ನಪ್ಪನನ್ನು ಬರೆದಳು. ನಸೀಮಾ ರಾಜೀವನಗರದವಳು, ಅಲ್ಲೇ ಒಂದು ಪ್ರೆಸ್ಸಿನಲ್ಲಿ ಮದುವೆ ಕಾರ್ಡುಗಳಿಗೆ ಡಿಸೈನು ಮಾಡುತ್ತಾಳೆ. ವಯಸ್ಸು ಮೂವತ್ತರ ಒಳಗೆ, ಮಾತು ಕಮ್ಮಿ, ಅಳತೆ ಮಾತ್ರ ಒಂದು ದಿನ ತಪ್ಪಿಸಿದವಳಲ್ಲ. ಹೂವು, ಬಳ್ಳಿ, ಕಲಶ, ಚಂದ್ರ ಬರೆದು ಬರೆದು ಬೇಜಾರಾಗಿತ್ತಂತೆ. ಊಟದ ಬಿಡುವಿನಲ್ಲಿ ಹತ್ತು ನಿಮಿಷ ಕೂತು ಸೊನ್ನೆಗೊಂದು ಲೋಟ ಕೊಟ್ಟು ಗುಂಪಿಗೆ ಕಳಿಸಿದಳು. ಕೆಳಗೆ "ಇವತ್ತು ನಮ್ಮನೆ ತಾರಸಿಗೆ ಇವನು ಬಂದಿದ್ದ" ಎಂದಷ್ಟೇ ಬರೆದಿದ್ದಳು.

ಮರುದಿನ ಬೆಳಿಗ್ಗೆ ಎಂಟೂವರೆಗೆ ಇಪ್ಪತ್ತಾರಕ್ಕೆ ಇಪ್ಪತ್ತಾರು! ಒಂದರ ಹಿಂದೊಂದು ಸೊನ್ನಪ್ಪಂದಿರು ಲೋಟ ಹಿಡಿದು ಬಂದು ನಿಂತರು. "ನಮ್ಮಲ್ಲೂ ಬಂದ!" "ನಮ್ಮಲ್ಲಿ ಕಾಫಿ ಕೇಳಿದ!" "ಮಂಡಕಳ್ಳಿಗೆ ವಿಮಾನದಲ್ಲಿ ಬಂದಿಳಿದ!" ಫೋನು ಕೈಯಲ್ಲಿ ಕುಣಿಯಿತು. ಹಿಂದಿನ ದಿನದವರೆಗೂ ಏನೂ ಬರಲಿಲ್ಲ ಎಂದು ಹೇಳಲು ನಾಚುತ್ತಿದ್ದವರು ಈಗ ಸೊನ್ನಪ್ಪ ಬಂದ ಎಂದು ಸಂಭ್ರಮದಿಂದ ಹೇಳುತ್ತಿದ್ದರು. ವಿಷಯ ಒಂದೇ. ಒಂದು ಮುಖ ಸಿಕ್ಕಿತು, ಅಷ್ಟೇ.

ಮೈಸೂರಿನವರಿಗೆ ಲಾಂಛನ ಹೊಸದಲ್ಲ. ಎರಡು ತಲೆಯ ಗಂಡಭೇರುಂಡವನ್ನು ಅರಮನೆಯ ಕಾಲದಿಂದ ಗೋಡೆಗೆ, ಕಂಬಕ್ಕೆ, ಸೀರೆಯ ಅಂಚಿಗೆ ಹಾಕಿಕೊಂಡು ಬಂದವರು ನಾವು. ಆನೆಗಳನ್ನೇ ಕಚ್ಚಿ ಎತ್ತುವ ಹಕ್ಕಿ ಅದು. ರಾಜ್ಯಕ್ಕೆ ಅಂಥದ್ದು ಬೇಕು, ನೋಡಿದವರು ಹೆದರಬೇಕು. ಇಪ್ಪತ್ತಾರು ಜನರ ಗುಂಪಿಗೆ ಹೆದರಿಸುವವನು ಯಾಕೆ ಬೇಕು? ನಮ್ಮವನು ನಮ್ಮಂತೆಯೇ ಇರಬೇಕು. ಸ್ವಲ್ಪ ಡೊಳ್ಳು, ಸ್ವಲ್ಪ ಪೆಚ್ಚು, ಒಂದು ಚಪ್ಪಲಿ ಎಲ್ಲೋ ಬಿಟ್ಟು ಬಂದವನು. ಅಷ್ಟು ದೊಡ್ಡ ಹೊಟ್ಟೆಯ ಗಣಪತಿಗೆ ಇಲಿಯನ್ನು ಜೊತೆ ಮಾಡಿದ ಜನ ನಾವು. ಸಣ್ಣದನ್ನು ಹಚ್ಚಿಕೊಳ್ಳುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ.

ಹಚ್ಚಿಕೊಂಡದ್ದು ಎಷ್ಟೆಂದರೆ, ನಸೀಮಾ ಅವನಿಗೆ ಬಟ್ಟೆಬರೆ ಮಾಡಿಸತೊಡಗಿದಳು. ದಸರೆಗೆ ಪೇಟ. ಸಂಕ್ರಾಂತಿಗೆ ಕೈಯಲ್ಲಿ ಎಳ್ಳು ಬೆಲ್ಲದ ಪೊಟ್ಟಣ. ರಂಜಾನಿಗೆ ಟೋಪಿ. ಏಪ್ರಿಲ್ ಬಿಸಿಲಿಗೆ ಬೀಸಣಿಗೆ. ಏನೇ ಇರಲಿ, ಇನ್ನೊಂದು ಕೈಯಲ್ಲಿ ಲೋಟ, ಅದೂ ತಲೆಕೆಳಗು. ಮಂಡಕಳ್ಳಿಯ ಮೇಷ್ಟ್ರ ತಾಯಿ ತೀರಿಕೊಂಡ ದಿನ ಮೇಷ್ಟ್ರು ಎಂಟೂವರೆಗೆ ಸೊನ್ನೆ ಹಾಕಿ, ಕೆಳಗೆ "ಅಮ್ಮ ಹೋದರು" ಎಂದು ಬರೆದಿದ್ದರು. ಹತ್ತು ನಿಮಿಷದಲ್ಲಿ ನಸೀಮಾ ಒಂದು ಚಿತ್ರ ಹಾಕಿದಳು. ಸೊನ್ನಪ್ಪ ನೆಲದ ಮೇಲೆ ಕೂತಿದ್ದಾನೆ, ಲೋಟ ಪಕ್ಕದಲ್ಲಿದೆ, ಆ ಇನ್ನೊಂದು ಚಪ್ಪಲಿಯನ್ನೂ ಬಿಟ್ಟಿದ್ದಾನೆ. ನಾವೆಲ್ಲ ಅದನ್ನೇ ಕಳಿಸಿದೆವು. ಆಮೇಲೆ ಮೇಷ್ಟ್ರು ಸಿಕ್ಕಾಗ, ಮನೆಗೆ ಬಂದು ಪಕ್ಕದಲ್ಲಿ ಕೂತವನು ಅವನೊಬ್ಬನೇ ಎನ್ನಿಸಿತು ಎಂದರು.

ಮತ್ತೊಂದು ಪದ್ಧತಿ ಇದೆ. ವರ್ಷದ ಮೊದಲ ಮಳೆ ಯಾರ ಬಾಟಲಿಗೆ ಬೀಳುತ್ತದೋ ಅವರಿಗಾಗಿ ನಸೀಮಾ ಒಂದು ಕಾರ್ಡು ಮಾಡುತ್ತಾಳೆ. ಅದರಲ್ಲಿ ಸೊನ್ನಪ್ಪ ಕೊಡೆ ಹಿಡಿದಿರುತ್ತಾನೆ, ಕೆಳಗೆ ಆ ಮನೆಯವರ ಹೆಸರು. ಮದುವೆ ಕಾರ್ಡಿನ ದಪ್ಪ ಕಾಗದ, ಅಂಚಿಗೆ ಚಿನ್ನದ ಬಣ್ಣ. ಈವರೆಗೆ ಮೂರು ಕಾರ್ಡುಗಳು ಬಂದಿವೆ. ಮೂರೂ ಬೇರೆಯವರ ಮನೆಯ ಗೋಡೆಯ ಮೇಲಿವೆ. ನನ್ನ ಕ್ಲಿನಿಕ್ಕಿನ ಗೋಡೆಯಲ್ಲಿ ಹುಳುಕು ಹಲ್ಲಿನ ಚಿತ್ರದ ಪಕ್ಕ ಒಂದು ಮೊಳೆ ಹೊಡೆದು ಮೂರು ವರ್ಷದಿಂದ ಕಾಯುತ್ತಿದ್ದೇನೆ ಎಂದರೆ ನನ್ನ ಆಸೆ ನಿಮಗೆ ತಿಳಿದೀತು.

ಇಷ್ಟು ಭಕ್ತಿಯಿದ್ದವಳು ಏನು ಮಾಡಿದೆ ಕೇಳಿ.

ನಮ್ಮ ಮನೆಯಲ್ಲಿ ಕೆಳಗೆ ಕ್ಲಿನಿಕ್ಕು, ಮಧ್ಯೆ ನಾವು, ಮೇಲೆ ತಾರಸಿ. ತಾರಸಿಗೆ ಇಪ್ಪತ್ತೆರಡು ಮೆಟ್ಟಿಲು. ಈ ವರ್ಷ ಫೆಬ್ರವರಿ ಕೊನೆಯಲ್ಲಿ ನನಗೊಂದು ನೆಗಡಿ ಬಂತು. ಬೆಳಿಗ್ಗೆ ಮಲಗಿದ್ದಲ್ಲಿಂದಲೇ ಕಿಟಕಿಯಾಚೆ ನೋಡಿದೆ. ಆಕಾಶ ನೀಲಿ. ನೀಲಿ ಆಕಾಶಕ್ಕೆ ಮೆಟ್ಟಿಲೇಕೆ ಎಂದುಕೊಂಡು, ಕಂಬಳಿಯೊಳಗಿಂದಲೇ ಸೊನ್ನಪ್ಪನನ್ನು ಒತ್ತಿದೆ. ಮೂರು ದಿನಕ್ಕೆ ನೆಗಡಿ ಹೋಯಿತು, ಅಭ್ಯಾಸ ಉಳಿಯಿತು. ಮಾರ್ಚಿನಲ್ಲಿ ಕಿಟಕಿಯೂ ಬೇಡವಾಯಿತು. ಮಾರ್ಚಿನಲ್ಲಿ ಮೈಸೂರಿಗೆ ಎಲ್ಲಿಯ ಮಳೆ? ಅಲಾರಂ ಹೊಡೆಯುತ್ತಿತ್ತು, ಕಣ್ಣು ಮುಚ್ಚಿಕೊಂಡೇ ಸೊನ್ನಪ್ಪನನ್ನು ಕಳಿಸುತ್ತಿದ್ದೆ, ಪಕ್ಕಕ್ಕೆ ಹೊರಳುತ್ತಿದ್ದೆ. ಏಪ್ರಿಲ್‌ನಲ್ಲೂ ಅದೇ ಆಯಿತು. "ಬಂದ್ಯೇನಪ್ಪಾ" ಎಂದು ಕೇಳುವುದನ್ನು ಮಾತ್ರ ಬಿಟ್ಟಿರಲಿಲ್ಲ. ಅವನು ಎಲ್ಲಿಗೂ ಬಂದಿರಲಿಲ್ಲ, ನಾನೇ ಹಾಸಿಗೆಯಿಂದ ಅಟ್ಟುತ್ತಿದ್ದೆ.

ಅಶ್ವಿನಿ ಮಳೆ ಹುಟ್ಟಿ ನಾಲ್ಕನೆಯ ದಿನ. ಎಂದಿನಂತೆ ಮಲಗಿದ್ದಲ್ಲೇ ಸೊನ್ನಪ್ಪನನ್ನು ಕಳಿಸಿ ಎದ್ದೆ. ಕಿಟಕಿಯಿಂದ ಒದ್ದೆ ಮಣ್ಣಿನ ವಾಸನೆ ಬಂತು. ಬೀದಿಯವರು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವ ಹೊತ್ತು, ವಾಸನೆ ಬಾರದೆ ಇದ್ದೀತೆ ಎಂದುಕೊಂಡು ಕಾಫಿ ಕುಡಿದು ಕ್ಲಿನಿಕ್ಕಿಗೆ ಇಳಿದೆ. ಹತ್ತೂಕಾಲಿಗೆ ರೋಗಿಗಳ ನಡುವೆ ಬಿಡುವು ಸಿಕ್ಕಿತು. ಕ್ಲಿನಿಕ್ಕಿನ ಟವೆಲುಗಳನ್ನು ಒಣಹಾಕಲು ತಾರಸಿ ಹತ್ತಿದೆ. ಕಣ್ಣು ಹಾಗೇ ಬಾಟಲಿಯ ಮೇಲೆ ನಿಂತಿತು.

ಬಾಟಲಿಯಲ್ಲಿ ನೀರಿತ್ತು!

ಕುಣಿದುಬಿಟ್ಟೆ. ಸುಳ್ಳಲ್ಲ, ಟವೆಲ್ ಸಮೇತ ಕುಣಿದೆ. ನಾಲ್ಕು ಮಿಲಿಮೀಟರಿಗೆ ಒಂದು ಕೂದಲೆಳೆ ಮೇಲೆ! ಫೋನು ತೆಗೆದು ನೋಡಿದರೆ ಆವತ್ತು ಇಡೀ ಗುಂಪು ಸೊನ್ನಪ್ಪಂದಿರ ಸಾಲು. ಯಾರಿಗೂ ಬಿದ್ದಿಲ್ಲ, ನನಗೊಬ್ಬಳಿಗೇ ಬಿದ್ದಿದೆ. ವರ್ಷದ ಮೊದಲ ಮಳೆ! ಕಾರ್ಡು, ಚಿನ್ನದ ಅಂಚು, ನನ್ನ ಹೆಸರು! ಆ ಸಾಲಿನಲ್ಲಿ ಎಂಟು ಮೂವತ್ತಕ್ಕೆ ಸರಿಯಾಗಿ, ಎಲ್ಲರಿಗಿಂತ ಮೊದಲು ಲೋಟ ಹಿಡಿದು ನಿಂತಿದ್ದ ಸೊನ್ನಪ್ಪ ನನ್ನವನು.

ಟವೆಲು ಕೈಯಿಂದ ಜಾರಿತು.

ಈಗ ಗುಂಪಿನಲ್ಲಿ ಮಳೆ ಬಂತೆಂದರೆ, ಹಾಗಾದರೆ ಬೆಳಿಗ್ಗೆ ಹೇಳಿದ್ದೇನು ಎಂದು ಕೇಳುತ್ತಾರೆ. ಬೆಳಿಗ್ಗೆ ನೋಡಿರಲಿಲ್ಲ ಎಂದರೆ, ನಿನ್ನೆ ನೋಡಿದ್ದಿರಾ, ಮೊನ್ನೆ ನೋಡಿದ್ದಿರಾ ಎನ್ನುತ್ತಾರೆ. ಫೆಬ್ರವರಿಯ ತನಕ ಹೋಗುತ್ತದೆ. ಸುಮ್ಮನಿದ್ದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಬಾಟಲಿಯನ್ನು ಒಂದು ಸಲ ಬಗ್ಗಿಸಿದರೆ ಮುಗಿಯಿತು. ನನ್ನ ಮಾನ ಉಳಿಯುತ್ತದೆ. ಆದರೆ ಈ ಊರಿನ ಮೇಲೆ ಬಿದ್ದ ವರ್ಷದ ಮೊದಲ ಮಳೆಯನ್ನು ಹಿಡಿದದ್ದು ನನ್ನದೊಂದೇ ಬಾಟಲಿ. ಬಗ್ಗಿಸಿದರೆ ಆ ಮಳೆ ಬರಲೇ ಇಲ್ಲ ಎಂದಾಗುತ್ತದೆ, ಅದಕ್ಕೆ ಸಾಕ್ಷಿಯಾಗಿ ಸೊನ್ನಪ್ಪ ನಿಂತಿರುತ್ತಾನೆ. ಕೈಯನ್ನು ಬಾಟಲಿಯ ಅಂಚಿನ ತನಕ ಒಯ್ದೆ. ಒಯ್ಯಲಿಲ್ಲ ಎಂದು ಹೇಳಿ ಇನ್ನೊಂದು ಸುಳ್ಳು ಸೇರಿಸುವುದಿಲ್ಲ. ಅಷ್ಟರಲ್ಲಿ ಕೆಳಗೆ ಗಂಟೆ ಬಾರಿಸಿತು.

ರೋಗಿಯೊಬ್ಬರು ಬಂದು ಕುರ್ಚಿಯಲ್ಲಿ ಕೂತರು. ಬಾಯಿ ತೆರೆದರು. ಒಸಡು ಕೆಂಪಗೆ ಊದಿಕೊಂಡಿದೆ, ಹಲ್ಲಿನ ಬುಡದಲ್ಲಿ ಕಿಟ್ಟ ಪದರ ಪದರವಾಗಿ ಕಟ್ಟಿದೆ. ವಾಡಿಕೆಯಂತೆ ಕೇಳಿದೆ, "ಎಷ್ಟು ಸಲ ಉಜ್ತೀರಿ?"

"ದಿನಾ ಎರಡು ಹೊತ್ತು ಡಾಕ್ಟ್ರೇ, ಒಂದಿನ ತಪ್ಪಿಸಿಲ್ಲ."

ಇಪ್ಪತ್ತನಾಲ್ಕು ವರ್ಷದಿಂದ ಈ ಉತ್ತರ ಕೇಳುತ್ತಿದ್ದೇನೆ. ಪ್ರತಿ ಸಲವೂ ಮನಸ್ಸಿನೊಳಗೆ ನಕ್ಕಿದ್ದೇನೆ. ಬಾಯಿ ಏನೇ ಹೇಳಲಿ, ಹಲ್ಲು ಹೇಳಿಬಿಡುತ್ತದೆ ಎಂದು ರಘುವಿನ ಮುಂದೆ ಜಂಬ ಕೊಚ್ಚಿದ್ದೇನೆ. ಆವತ್ತು ನಗು ಬರಲಿಲ್ಲ. ಆ ಮನುಷ್ಯ ನನ್ನ ಒಡಹುಟ್ಟಿದವನಂತೆ ಕಂಡ. "ಪರವಾಗಿಲ್ಲ ಬಿಡಿ, ಇವತ್ತಿಂದ ಉಜ್ಜಿ" ಎಂದು ಹೇಳಿ, ಹಲ್ಲು ಶುಚಿ ಮಾಡಿ ಕಳಿಸಿದೆ. ಕೈ ತೊಳೆದುಕೊಂಡವಳೇ ಗುಂಪಿಗೆ ಬರೆದೆ. ನಮ್ಮಲ್ಲಿ ನಾಲ್ಕು ಚಿಲ್ಲರೆ ಮಿಲಿಮೀಟರ್ ಬಿದ್ದಿದೆ. ಬೆಳಿಗ್ಗೆ ನಾನು ನೋಡದೆ ಸೊನ್ನಪ್ಪನನ್ನು ಕಳಿಸಿದ್ದೆ. ಫೆಬ್ರವರಿ ಕೊನೆಯಿಂದಲೂ ಹಾಗೇ ಮಾಡುತ್ತಿದ್ದೇನೆ. ತಪ್ಪಾಯಿತು.

ಐದು ನಿಮಿಷಕ್ಕೆ ಮಹದೇವಸ್ವಾಮಿಯವರ ಒಂದೇ ಸಾಲು ಬಂತು. "ಚೆಲ್ಬೇಡಿ. ಬತ್ತಾ ಇವ್ನಿ."

ಅಂಗಡಿಗೆ ಬೀಗ ಹಾಕಿಕೊಂಡು ಸ್ಕೂಟರಿನಲ್ಲಿ ಬಂದೇಬಿಟ್ಟರು. ಕಿವಿಯ ಮೇಲೆ ಪೆನ್ಸಿಲ್ ಹಾಗೇ ಇತ್ತು. ಅವರ ಹಿಂದೆಯೇ ನಸೀಮಾ ಪ್ರೆಸ್ಸಿನಿಂದ ಅರ್ಧ ಗಂಟೆ ಬಿಡುವು ಕೇಳಿಕೊಂಡು ಆಟೋದಲ್ಲಿ ಬಂದಳು. ಮೂವರೂ ತಾರಸಿ ಹತ್ತಿದೆವು. ಮಹದೇವಸ್ವಾಮಿಯವರು ಬಿಸಿ ತಾರಸಿಯ ಮೇಲೆ ಮೊಣಕಾಲೂರಿ, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು, ಉಸಿರು ಬಿಗಿಹಿಡಿದು ನೋಡಿದರು.

"ನಾಲ್ಕು ಪಾಯಿಂಟ್ ಎರಡು" ಎಂದರು. ಇನ್ನೊಮ್ಮೆ ಬಗ್ಗಿ ನೋಡಿದರು. ಅವರಿಗೂ ಅದು ವರ್ಷದ ಮೊದಲ ಮಳೆಯೇ ತಾನೆ? ಒಂದು ಗಳಿಗೆ ಮೂವರೂ ಅರ್ಧ ಬೆರಳಿನಷ್ಟೂ ಇಲ್ಲದ ಆ ನೀರನ್ನು, ತೊಟ್ಟಿಲ ಮಗುವನ್ನು ನೋಡುವಂತೆ ನೋಡಿದೆವು. ಆಮೇಲೆ ಅವರು ಎದ್ದು ನನ್ನ ಕಡೆ ತಿರುಗಿದರು.

"ಸರಿ. ಇದು ನೆನ್ನೆ ರಾತ್ರಿ ಮಳೇನೇ ಅಂತ ಹೆಂಗ್ ಹೇಳ್ತೀರಿ ಡಾಕ್ಟ್ರೇ? ಎರಡು ತಿಂಗ್ಳಿಂದ ನೀವು ನೋಡೇ ಇಲ್ಲ. ಮೊನ್ನೆ ಬಿದ್ದಿದ್ರೆ? ಹೋದ ವಾರ ಬಿದ್ದಿದ್ರೆ?"

ನೋಡದ ತಪ್ಪಿನ ಬುಡ ಇಷ್ಟು ಆಳಕ್ಕೆ ಹೋಗುತ್ತದೆಂದು ಆಗಲೇ ಗೊತ್ತಾದದ್ದು. ಮಳೆ ಕೈಯಲ್ಲಿದೆ, ಆದರೆ ಯಾವ ದಿನದ್ದೆಂದು ಹೇಳಲಾರೆ. ತಾರಸಿಯನ್ನು ಬಿಸಿಲು ಆಗಲೇ ನೆಕ್ಕಿ ಒಣಗಿಸಿತ್ತು.

ಆಗ ಪಕ್ಕದ ತಾರಸಿಯಿಂದ ಸಾವಿತ್ರ‍ಮ್ಮನವರ ಗೋಳು ಕೇಳಿಸಿತು. ಸಾವಿತ್ರಮ್ಮ ನಮ್ಮ ನೆರೆಯವರು, ಬೇಸಿಗೆ ಬಂದರೆ ಇಡೀ ಬೀದಿಗೆ ಸಂಡಿಗೆ ಹಾಕಿಕೊಡುವವರು. ಪ್ಲಾಸ್ಟಿಕ್ ಹಾಳೆಯ ಮೇಲಿಂದ ಏನನ್ನೋ ಕೆರೆಯುತ್ತಿದ್ದರು.

"ನೋಡಿ ಡಾಕ್ಟ್ರಮ್ಮ, ಅರಳು ಸಂಡಿಗೆ ಇನ್ನೂ ಹಸಿ ಇದೆ ಅಂತ ರಾತ್ರಿ ಮೇಲೊಂದು ಸೀರೆ ಮುಚ್ಚಿ ಬಿಟ್ಬುಟ್ಟಿದ್ದೆ. ಬೆಳಗಿನ ಜಾವ ನಾಲ್ಕೂವರೆಗೆ ದಬದಬ ಅಂತ ಬಂದ್ಬುಡ್ತು. ನಾನು ಎದ್ದು ಸೆರಗು ಸಿಕ್ಕಿಸ್ಕೊಂಡು ಮೆಟ್ಲು ಹತ್ತೋಷ್ಟರಲ್ಲಿ ನಿಂತೇ ಹೋಯ್ತು. ಎಲ್ಲಾ ಗಂಜಿ!"

ಮಹದೇವಸ್ವಾಮಿಯವರು ಗೋಡೆಯ ಅಂಚಿಗೆ ಓಡಿದರು. "ಅಮ್ಮಾ, ನಾಲ್ಕೂವರೆ ಅಂದ್ರಾ? ಗಡಿಯಾರ ನೋಡಿದ್ರಾ? ಅದಕ್ಕೂ ಮುಂಚೆ ಈ ತಿಂಗ್ಳಲ್ಲಿ ಒಂದು ಹನಿ ಬಿದ್ದಿತ್ತಾ?"

"ಬಿದ್ದಿದ್ರೆ ನಾನು ಸಂಡಿಗೆ ಹಾಕ್ತಿದ್ನಾ? ದಿನಾ ಬೆಳಿಗ್ಗೆ ಎದ್ದು ನೋಡ್ತೀನಿ ಕಣಪ್ಪಾ. ಹದಿನೈದು ದಿನದಿಂದ ಒಂದು ಹನಿ ಇಲ್ಲ."

ಮಹದೇವಸ್ವಾಮಿಯವರು ಪೆನ್ಸಿಲ್ ತೆಗೆದು ಬರೆದುಕೊಂಡರು. ಮಳೆ ಅಳೆಯುವ ಬಾಟಲಿಯಿಲ್ಲದ, ಗುಂಪಿನಲ್ಲಿಲ್ಲದ, ಸೊನ್ನಪ್ಪನ ಹೆಸರೂ ಕೇಳದ ಸಾವಿತ್ರಮ್ಮ, ಹದಿನೈದು ದಿನದ ಸೊನ್ನೆಯನ್ನು ಸಂಡಿಗೆಯ ಸಾಕ್ಷಿಯೊಂದಿಗೆ ಕೊಟ್ಟುಬಿಟ್ಟರು. ನಾನು ತಲೆ ತಗ್ಗಿಸಿ ನಿಂತಿದ್ದೆ.

ನಸೀಮಾ ನನ್ನ ಪಕ್ಕಕ್ಕೆ ಬಂದಳು. ಮೆಲ್ಲಗೆ ಕೇಳಿದಳು, "ಮೇಡಂ, ಅವನ ಕೈಲಿ ಲೋಟ ಯಾಕೆ ತಲೆಕೆಳಗೆ ಇದೆ ಗೊತ್ತಾ ನಿಮಗೆ?"

"ಖಾಲಿ ಅಂತ ತೋರಿಸೋಕೆ."

"ಅಲ್ಲ ಮೇಡಂ. ಒಳಗೆ ಇದೆಯೋ ಇಲ್ವೋ ಗೊತ್ತಿಲ್ಲದೆ ಯಾರಾದ್ರೂ ಲೋಟ ಬೋರಲು ಹಾಕ್ತಾರಾ? ಇದ್ರೆ ಮೈಮೇಲೆ ಚೆಲ್ಲುತ್ತಲ್ಲ. ಅವನು ಮೊದ್ಲು ಬಗ್ಗಿ ನೋಡಿರ್ತಾನೆ. ಆಮೇಲೇ ತಿರುಗಿಸಿ ಹಿಡಿಯೋದು."

ಮೂರು ವರ್ಷದಿಂದ ಸಾವಿರ ಸಲ ನೋಡಿದ ಬೊಂಬೆ. ಅವನು ಪೆಚ್ಚನೆಂದು, ಪಾಪದವನೆಂದು, ನಮ್ಮ ಖಾಲಿತನಕ್ಕೊಂದು ತಮಾಷೆಯ ಮುಖವೆಂದು ತಿಳಿದುಕೊಂಡಿದ್ದೆ. ನಮ್ಮ ಇಪ್ಪತ್ತಾರು ಜನರ ನಡುವೆ ಒಂದು ದಿನವೂ ಮೆಟ್ಟಿಲು ತಪ್ಪಿಸದವನು ಅವನು ಎಂದು ನನಗೆ ಹೊಳೆದೇ ಇರಲಿಲ್ಲ. ಅಂಥವನನ್ನು ಹಾಸಿಗೆಯಿಂದ ಕಳಿಸಿ ಸುಳ್ಳು ಹೇಳಿಸಿದ್ದೆ. ಹೇಳಿಕೊಳ್ಳಲು ನಗು ಬರುತ್ತದೆ, ಆದರೂ ಹೇಳುತ್ತೇನೆ: ಒಂದು ಬೊಂಬೆಯ ಮುಂದೆ ನನಗೆ ನಿಜವಾಗಿ ನಾಚಿಕೆಯಾಯಿತು.

ತೀರ್ಪು ಅಲ್ಲೇ, ತಾರಸಿಯ ಮೇಲೆಯೇ ಆಯಿತು. "ತಪ್ಪು ಮಾಡಿರೋದು ಡಾಕ್ಟ್ರು. ಮಳೆ ಏನ್ ತಪ್ಪು ಮಾಡ್ತು? ಮಳೆ ಬರ್ಕೊಳ್ಳೋಣ" ಎಂದರು ಮಹದೇವಸ್ವಾಮಿಯವರು. ಪಟ್ಟಿಯಲ್ಲಿ ಆ ದಿನ ನಾಲ್ಕು ಪಾಯಿಂಟ್ ಎರಡು ಏರಿತು, ಆಮೇಲೆ ಬಾಟಲಿಯನ್ನು ಬಗ್ಗಿಸಿ ಒರೆಸಿಟ್ಟರು. ಫೆಬ್ರವರಿ ಕೊನೆಯಿಂದ ಅಲ್ಲಿಯವರೆಗಿನ ನನ್ನ ಸೊನ್ನೆಗಳನ್ನೆಲ್ಲ ಹೊಡೆದುಹಾಕಿ ಗೀಟು ಎಳೆದರು. ಸಾಲು ಸಾಲು ಗೀಟು! ಕಾರ್ಡಿನ ಮಾತನ್ನು ನಾನೇ ಎತ್ತಿ, ನನ್ನ ಹೆಸರು ಬೇಡವೆಂದೆ. ನಸೀಮಾ ಒಂದು ಗಳಿಗೆ ಯೋಚಿಸಿ, ಬರಿದೇ ಅಶೋಕಪುರಂ ಎಂದು ಬರೆಯುತ್ತೇನೆ, ಒಂದು ಪ್ರತಿ ಸಾವಿತ್ರಮ್ಮನವರಿಗೆ ಕೊಡೋಣ ಎಂದಳು. ನನಗೆ ಹೊಟ್ಟೆಕಿಚ್ಚು ಆಗಲಿಲ್ಲ ಎಂದರೆ ಅದೂ ಸುಳ್ಳಾದೀತು. ಸ್ವಲ್ಪ ಆಯಿತು.

ಸಂಜೆಯ ಹೊತ್ತಿಗೆ ನನ್ನ ಫೋನಿಗೆ ಗುಟ್ಟಿನ ಸಂದೇಶಗಳು ಬರತೊಡಗಿದವು. "ಡಾಕ್ಟ್ರೇ, ನಮ್ಮನೆ ಏಣೀನೂ ಸರಿ ಇಲ್ಲ." "ಮೇಡಂ, ಮಾರ್ಚಲ್ಲಿ ನಾನು ಮದುವೆಗೆ ಅಂತ ಊರಲ್ಲೇ ಇರ್ಲಿಲ್ಲ." ನನಗೇಕೆ ಹೇಳುತ್ತೀರಿ, ಗುಂಪಿನಲ್ಲಿ ಹೇಳಿ ಎಂದೆ. ಏಳು ಜನ ಹೇಳಿದರು! ಮಹದೇವಸ್ವಾಮಿಯವರು ಗೀಟು ಎಳೆದೂ ಎಳೆದೂ ಪೆನ್ಸಿಲ್ ಸವೆದುಹೋಯಿತೆಂದು ಬೈದರು. ಆದರೆ ಬೈಗುಳದ ಕೊನೆಗೆ, "ಈಗ ಉಳ್ಕೊಂಡವಲ್ಲ ಸೊನ್ನೆಗಳು, ಅವು ಗಟ್ಟಿ ಕಣ್ರೀ" ಎಂದರು. ಅಷ್ಟು ಸಂತೋಷದ ಧ್ವನಿಯನ್ನು ಮಳೆಗಾಲದಲ್ಲೂ ಅವರ ಬಾಯಿಂದ ಕೇಳಿರಲಿಲ್ಲ.

ಮರುದಿನ ಎಂಟು ಇಪ್ಪತ್ತೈದಕ್ಕೆ ಇಪ್ಪತ್ತೆರಡು ಮೆಟ್ಟಿಲು ಹತ್ತಿದೆ. ಚಾಮುಂಡಿ ಬೆಟ್ಟದ ಮೇಲೆ ಎಳೆ ಬಿಸಿಲು ಬಿದ್ದಿತ್ತು. ಬಾಟಲಿಯ ಮುಂದೆ ಮೊಣಕಾಲೂರಿ ಬಗ್ಗಿ ನೋಡಿದೆ. ಒಣಗಿತ್ತು. ಬುಡದವರೆಗೂ ಒಣಗಿತ್ತು. ಎರಡು ತಿಂಗಳಲ್ಲಿ ಮೊದಲ ಬಾರಿಗೆ ನನಗೆ ಸ್ವಂತದ್ದೊಂದು ಸೊನ್ನೆ ಸಿಕ್ಕಿತ್ತು. ಹಿಂದಿನ ದಿನ ನೀರು ಕಂಡಾಗ ಆದಷ್ಟೇ ಖುಷಿಯಾಯಿತು.

ಪಕ್ಕದ ತಾರಸಿಯಲ್ಲಿ ಸಾವಿತ್ರಮ್ಮ ಹೊಸ ಸಂಡಿಗೆ ಹಿಟ್ಟಿನ ಪಾತ್ರೆ ಇಟ್ಟುಕೊಂಡು ಕೂತಿದ್ದರು.

"ಏನ್ ಡಾಕ್ಟ್ರಮ್ಮ, ಇವತ್ತೂ ನೀರಿದ್ಯಾ?"

"ಇಲ್ಲ ಸಾವಿತ್ರಮ್ಮ, ಏನೂ ಇಲ್ಲ."

"ಅಯ್ಯೋ, ಏನೂ ಇಲ್ಲದ್ದಕ್ಕೆ ಮುಖ ಅಷ್ಟೊಂದು ಅರಳಿದೆಯಲ್ಲ! ಸುಮ್ನೆ ಅಷ್ಟು ಮೆಟ್ಲು ಹತ್ತಿ ಬಂದ್ರಾ?"

"ಸುಮ್ನೆ ಅಲ್ಲ. ಇಲ್ಲ ಅನ್ನೋದನ್ನ ನೋಡ್ಕೊಂಡು ಹೋಗೋಣ ಅಂತ ಬಂದೆ."

ಅವರು ಸೌಟನ್ನು ಪಾತ್ರೆಯಲ್ಲೇ ಬಿಟ್ಟು ನನ್ನನ್ನು ಒಂದು ಕ್ಷಣ ನೋಡಿದರು. ಆಮೇಲೆ ಹಾಳೆಯನ್ನು ಬಿಡಿಸಿ ಹಾಸುತ್ತಾ ಕೇಳಿದರು, "ಹಂಗಾದ್ರೆ ಧೈರ್ಯವಾಗಿ ಸಂಡಿಗೆ ಹಾಕ್ಲಾ?"

"ನಾಳೆ ವಿಷಯ ನಂಗೊತ್ತಿಲ್ಲ ಸಾವಿತ್ರಮ್ಮ. ನಿನ್ನೆಯಿಂದ ಇವತ್ತಿನವರೆಗೆ ಇಲ್ಲ. ಅಷ್ಟು ಮಾತ್ರ ಖಂಡಿತ, ನಾನೇ ನೋಡಿದ್ದೀನಿ."

"ಅಷ್ಟು ಸಾಕು ಬಿಡಿ" ಎಂದು ಅವರು ಮೊದಲನೆಯ ಸಂಡಿಗೆ ಇಟ್ಟರು.